ಯಾವ ನೀರಿಗೆ ಬಿತ್ತೆಂದು ಮೊದಲು ಹೇಳಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಮಳೆಗಾಲದ ಸಲಹೆಗಳಲ್ಲಿ, ನೀರಿಗೆ ಬಿದ್ದ ಮೊಬೈಲನ್ನು ಒಂದು ದಿನ ಅಕ್ಕಿಯಲ್ಲಿ ಹೂತಿಡಿ, ಮರುದಿನ ಚಾರ್ಜಿಗೆ ಹಾಕಿ ನೋಡಿ ಎಂದು ಪ್ರಕಟವಾಗಿದೆ. ಮೊಬೈಲ್ ರಿಪೇರಿಯನ್ನೇ ಕಸುಬು ಮಾಡಿಕೊಂಡವರಿಗೆ ಇದನ್ನು ಓದಿ ಸುಮ್ಮನಿರುವುದು ಕಷ್ಟ. ಈ ಎರಡು ಮಾತುಗಳಲ್ಲಿ ಮೊದಲನೆಯದು ಪ್ರಯೋಜನವಿಲ್ಲದ್ದು, ಎರಡನೆಯದು ಅಪಾಯದ್ದು.

ಕುಚ್ಚಿಲಕ್ಕಿಯಾಗಲಿ ಬೆಳ್ತಿಗೆಯಾಗಲಿ, ಫೋನಿನೊಳಗಿನ ನೀರನ್ನು ಎಳೆದು ತೆಗೆಯುವುದಿಲ್ಲ. ಫೋನಿನ ಸರ್ಕ್ಯೂಟ್ ಬೋರ್ಡಿನ ಮುಖ್ಯ ಚಿಪ್‌ಗಳ ಮೇಲೆ ಶೀಲ್ಡ್ ಎಂಬ ತಗಡಿನ ಮುಚ್ಚಳಗಳಿರುತ್ತವೆ. ನೀರು ಹೋಗಿ ಕೂರುವುದು ಅದರಡಿ. ಅಲ್ಲಿನ ತೇವಕ್ಕೂ ಹೊರಗಿನ ಡಬ್ಬಿಯ ಅಕ್ಕಿಗೂ ಯಾವ ಸಂಬಂಧವೂ ಇಲ್ಲ. ಬದಲಿಗೆ ಅಕ್ಕಿಯ ಹುಡಿ ಒದ್ದೆಯಾದ ಚಾರ್ಜಿಂಗ್ ಪಿನ್ನಿನೊಳಗೆ (ಚಾರ್ಜರ್ ಸಿಕ್ಕಿಸುವ ಕಂಡಿ), ಸ್ಪೀಕರಿನ ಜಾಲರಿಯಲ್ಲಿ ಅಂಟಾಗಿ ಕೂರುತ್ತದೆ. ಐಫೋನ್ ಒದ್ದೆಯಾದರೆ ಅಕ್ಕಿಚೀಲದಲ್ಲಿಡಬೇಡಿ, ಅಕ್ಕಿಯ ಕಣಗಳಿಂದ ಹಾನಿಯಾದೀತು ಎಂದು ಆ್ಯಪಲ್ ಕಂಪನಿಯೇ ತನ್ನ ಗ್ರಾಹಕರಿಗೆ ಹೇಳಿದೆ. ಅಕ್ಕಿಯಲ್ಲಿಟ್ಟು ಸರಿಯಾಯಿತು ಎನ್ನುವವರ ಫೋನು ಮೇಜಿನ ಮೇಲಿಟ್ಟಿದ್ದರೂ ಸರಿಯಾಗುತ್ತಿತ್ತು.

ಈಗ ಚಾರ್ಜಿನ ಮಾತು. ಫೋನನ್ನು ಕೊಲ್ಲುವುದು ನೀರೊಂದೇ ಅಲ್ಲ, ನೀರಿರುವಾಗ ಹರಿಯುವ ಕರೆಂಟು. ಬ್ಯಾಟರಿಯಲ್ಲಿರುವುದು ಸುಮಾರು 3.8 ವೋಲ್ಟ್ ಮಾತ್ರ, ಆದರೆ ಬೋರ್ಡಿನ ಪಿನ್ನುಗಳ ನಡುವೆ ಅರ್ಧ ಮಿಲಿಮೀಟರಿನಷ್ಟೂ ಅಂತರವಿರುವುದಿಲ್ಲ. ಆ ಸಂದಿಯಲ್ಲಿ ಉಪ್ಪಿನಂಶದ ಒಂದು ಹನಿ ಕುಳಿತರೆ ಪಾಸಿಟಿವ್ ಕಡೆಯ ಲೋಹ ಕರಗಿ ನೆಗೆಟಿವ್ ಕಡೆಗೆ ಸಾಗುತ್ತದೆ. ಒಂದು ಪಿನ್ನು ಸವೆದು ಮಾಯವಾಗುತ್ತದೆ, ಪಕ್ಕದ್ದರ ಮೇಲೆ ಹಸಿರು-ಬಿಳಿ ಹುಡಿ ಬೆಳೆಯುತ್ತದೆ. ಬ್ಯಾಟರಿ ಬಿಚ್ಚಿಟ್ಟ ಬೋರ್ಡು ಒಂದು ರಾತ್ರಿ ನೀರಿನಲ್ಲಿದ್ದರೂ ಎಷ್ಟೋ ಸಲ ಬದುಕುತ್ತದೆ. ಬ್ಯಾಟರಿ ಜೋಡಿಸಿದ್ದ ಬೋರ್ಡು ಕೆಲವೇ ಗಂಟೆಗಳಲ್ಲಿ ಹಾಳಾಗುತ್ತದೆ. ಅದರ ಮೇಲೆ ಚಾರ್ಜರಿನ 5 ವೋಲ್ಟ್ ಕೊಟ್ಟರೆ ಕೇಳುವುದೇ ಬೇಡ, ಮೊದಲು ಸುಡುವುದು ಚಾರ್ಜಿಂಗ್ ಪಿನ್ನು, ಆಮೇಲೆ ಅದರ ಹಿಂದಿನ ಐಸಿ, ಅಂದರೆ ಚಿಪ್.

ಆದ್ದರಿಂದ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ಯಾವ ನೀರು? ಎರಡನೆಯದು, ಆಮೇಲೆ ಚಾರ್ಜಿಗೆ ಹಾಕಿದಿರಾ? ಇವೆರಡಕ್ಕೂ ನಿಜವಾದ ಉತ್ತರ ಸಿಗುವುದು ಅಪರೂಪ. ‘ಸುಮ್ಮನೆ ಆಫ್ ಆಯಿತು’, ‘ಮಗು ಆಡುತ್ತಿತ್ತು’ ಎನ್ನುತ್ತಾರೆ. ವಾರಂಟಿಯ ಆಸೆಗೆ ಹೀಗೆ ಹೇಳುತ್ತಾರೆಂಬುದು ಗೊತ್ತು. ಆದರೆ ನೀರಿನಿಂದಾದ ಹಾನಿಗೆ ಸಾಮಾನ್ಯವಾಗಿ ಕಂಪನಿಗಳು ವಾರಂಟಿ ಕೊಡುವುದೇ ಇಲ್ಲ, ಒಳಗೆ ಬಣ್ಣ ಬದಲಾಗುವ ಸ್ಟಿಕ್ಕರೂ ಇರುತ್ತದೆ. ಮುಚ್ಚಿಟ್ಟು ಸಿಗುವ ಲಾಭ ಏನೂ ಇಲ್ಲ, ನಷ್ಟ ಮಾತ್ರ ಇದೆ, ಏಕೆಂದರೆ ತೊಳೆಯುವ ಕ್ರಮ ನೀರನ್ನು ಹೊಂದಿಕೊಂಡಿರುತ್ತದೆ.

ಮಳೆನೀರು ಎಲ್ಲಕ್ಕಿಂತ ಸಾಧುವಾದದ್ದು, ಅದರಲ್ಲಿ ಕರಗಿದ ಲವಣ ತೀರಾ ಕಡಿಮೆ. ಬಾವಿಯ ನೀರೂ ಅಷ್ಟೇನೂ ಕೆಟ್ಟದ್ದಲ್ಲ. ಗದ್ದೆಯ ಕೆಸರಾದರೆ ನೀರು ಹೋದ ಮೇಲೂ ಕೆಂಪು ಮಣ್ಣು ಕನೆಕ್ಟರುಗಳ ಸಂದಿಯಲ್ಲಿ ಉಳಿದು, ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಚ್ಚಲ ಬಕೆಟಿನ ಸಾಬೂನು ನೀರಿನ ತೊಂದರೆ ಬೇರೆ. ನೀರಿನ ಮೇಲ್ಮೈ ಬಿಗುವನ್ನು ಸಾಬೂನು ಸಡಿಲಿಸುವುದರಿಂದ, ಬರಿಯ ನೀರು ದಾಟಲಾರದ ಮೈಕಿನ ಜಾಲರಿಯನ್ನೂ ಅದು ದಾಟುತ್ತದೆ. ಚಹಾ, ಶರಬತ್ತು, ಎಳನೀರು ಒಣಗಿದರೆ ಸಕ್ಕರೆ ಉಳಿಯುತ್ತದೆ. ವಾಲ್ಯೂಮ್ ಬಟನ್ ಒತ್ತಿದಲ್ಲೇ ಸಿಕ್ಕಿಕೊಂಡರೆ ಅದೇ ಕಾರಣ.

ಸಮುದ್ರದ ನೀರು ಬೇರೆಯೇ ಲೆಕ್ಕ. ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಬೇಕಲದಲ್ಲೋ ಕಣ್ವತೀರ್ಥದಲ್ಲೋ ಅಲೆಗೆ ಸಿಕ್ಕ ಫೋನಿಗೆ ದಿನದ ಲೆಕ್ಕವಿಲ್ಲ, ಗಂಟೆಯ ಲೆಕ್ಕ. ಅಳಿವೆಯ ನೀರೂ ಹಾಗೆಯೇ. ಬೇಸಿಗೆಯಲ್ಲಿ ಚಂದ್ರಗಿರಿ ಹೊಳೆಯಲ್ಲಿ ಉಪ್ಪುನೀರು ಒಳಗಿನವರೆಗೂ ಏರಿ ಬರುವುದು ಇಲ್ಲಿನವರಿಗೆಲ್ಲ ಗೊತ್ತು. ಸೇತುವೆಯ ಬುಡದಲ್ಲಿ ಬಿದ್ದ ಫೋನಿಗೆ ‘ಹೊಳೆಯ ನೀರು’ ಎಂದು ಹೇಳಿದರೆ ಸಾಲದು, ಎಲ್ಲಿಯ ಹೊಳೆ, ಯಾವ ತಿಂಗಳು ಎಂಬುದೂ ಬೇಕು.

ನಮ್ಮ ಅಡಿಕೆ ಸೀಮೆಗೇ ವಿಶೇಷವಾದ ಇನ್ನೊಂದು ನೀರಿದೆ. ಕೊಳೆರೋಗಕ್ಕೆ ಮದ್ದು ಬಿಡುವ ಕಾಲದಲ್ಲಿ ಡ್ರಮ್ಮಿಗೆ ಬಿದ್ದ, ಇಲ್ಲವೇ ಕಿಸೆಯಲ್ಲೇ ಮದ್ದಿನ ಹನಿ ಕುಡಿದ ಫೋನುಗಳು. ಆ ಮದ್ದೇ ಬೋರ್ಡೋ ದ್ರಾವಣ. ಶೇಕಡ 1ರದ್ದೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ. ಸುಣ್ಣ ಸಾಲದಿದ್ದರೆ ಅದ್ದಿದ ಕತ್ತಿಯ ಅಲುಗಿಗೆ ತಾಮ್ರದ ಕೆಂಪು ಹತ್ತುತ್ತದೆ ಎಂಬುದು ತೋಟದವರಿಗೆ ಹೊಸತಲ್ಲ. ಅಂಥ ದ್ರಾವಣ ಫೋನಿನೊಳಗೆ ಹೋದರೆ ಒಳಗಿನ ಉಕ್ಕಿನ ತಿರುಪುಗಳ ಮೇಲೂ ಅದೇ ಕೆಂಪು ಹತ್ತುತ್ತದೆ. ಸುಣ್ಣ ಸರಿಯಾಗಿದ್ದ ಮದ್ದಾದರೆ ತೊಂದರೆ ಇನ್ನೊಂದು ಬಗೆಯದು. ನೀಲಿ ಗಸಿ ಸ್ಪೀಕರಿನ ಜಾಲರಿಯಲ್ಲಿ, ಸಿಮ್ ಟ್ರೇಯ ಸುತ್ತ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಇದು ರಿಪೇರಿ ಅಂಗಡಿಗಳಲ್ಲಿ ತೊಳೆಯಲು ಬಳಸುವ ಐಪಿಎ ಎಂಬ ಆಲ್ಕೋಹಾಲಿನಲ್ಲಿ ಕರಗುವುದಿಲ್ಲ. ಒಣಗುವ ಮೊದಲೇ ಬಂದರೆ ಡಿಸ್ಟಿಲ್ಡ್ ನೀರು ಹಾಕಿ ಮೆತ್ತನೆಯ ಬ್ರಷ್ಷಿನಿಂದ ಎಬ್ಬಿಸಬಹುದು. ಎರಡು ದಿನ ಬಿಟ್ಟು ತಂದರೆ ಸ್ಪೀಕರ್, ಮೈಕು, ಚಾರ್ಜಿಂಗ್ ಸಬ್ ಬೋರ್ಡ್ (ಚಾರ್ಜಿಂಗ್ ಪಿನ್ನಿರುವ ಸಣ್ಣ ಬೋರ್ಡು) ಬದಲಾಯಿಸುವುದೇ ಅಗ್ಗ. ಮದ್ದು ಬಿಡುವ ದಿನ ಫೋನನ್ನು ಜಗಲಿಯಲ್ಲೇ ಬಿಟ್ಟು ಹೋಗುವುದು ಇನ್ನೂ ಅಗ್ಗ.

ಫೋನು ನೀರಿಗೆ ಬಿದ್ದರೆ ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ, ಆದರೆ ಅದನ್ನು ಕೂಡಲೇ ಮಾಡಬೇಕು. ಚಾರ್ಜಿಗೆ ಹಾಕಿದ್ದಾಗ ಬಿದ್ದಿದ್ದರೆ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಆಮೇಲೆ ಕೈ ಹಾಕಿ. ಫೋನು ಇನ್ನೂ ಆನ್ ಇದ್ದರೆ ಗಾಜನ್ನು ಒಣ ಬಟ್ಟೆಯಲ್ಲಿ ಒರೆಸಿ ಆಫ್ ಮಾಡಿ. ಒದ್ದೆ ಗಾಜು ತಾನಾಗಿಯೇ ಟಚ್ ಆಗುವುದುಂಟು. ಈಗಿನ ಹಲವು ಮಾದರಿಗಳಲ್ಲಿ ಪವರ್ ಬಟನ್ ಒತ್ತಿ ಹಿಡಿದರೆ ಆಫ್ ಮಾಡುವ ಮೆನುವಿನ ಬದಲು ಮಾತಾಡುವ ಸಹಾಯಕ ಬರುತ್ತದೆ. ಪವರ್ ಮತ್ತು ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಬೇಕು. ನಿಮ್ಮ ಫೋನಿನಲ್ಲಿ ಅದು ಹೇಗೆಂದು ಇವತ್ತೇ ನೋಡಿಟ್ಟುಕೊಳ್ಳಿ. ತೀರಾ ಹೊತ್ತು ಒತ್ತಿ ಹಿಡಿದರೆ ಕೆಲವು ಫೋನು ರೀಸ್ಟಾರ್ಟ್ ಆಗುತ್ತವೆ, ಅದು ಬೇಡ. ತಾನಾಗಿ ಆಫ್ ಆಗಿದ್ದರೆ ‘ಬರುತ್ತದೋ ನೋಡೋಣ’ ಎಂದು ಮತ್ತೆ ಮತ್ತೆ ಆನ್ ಮಾಡಬೇಡಿ. ಹಾಳಾಗುವ ಫೋನುಗಳಲ್ಲಿ ಎಷ್ಟೋ ಹಾಳಾಗುವುದು ಈ ನೋಡೋಣದಲ್ಲೇ.

ಹಿಂದಿನ ಕವರ್ ಕಳಚಿ, ಸಿಮ್ ಟ್ರೇ ತೆಗೆಯಿರಿ. ಹಿರಿಯರ ಕೈಯಲ್ಲಿರುವ ಕೀಪ್ಯಾಡ್ ಫೋನಾದರೆ ಕೆಲಸ ಸುಲಭ, ಬ್ಯಾಟರಿಯನ್ನೇ ತೆಗೆದಿಟ್ಟರೆ ಮುಕ್ಕಾಲು ಪಾಲು ಗೆದ್ದಂತೆ. ಚಾರ್ಜಿಂಗ್ ಪಿನ್ನು ಕೆಳಮುಖವಾಗುವಂತೆ ಗೋಡೆಗೆ ಒರಗಿಸಿಡಿ. ಕೊಡವಬೇಡಿ, ಒಂದು ಮೂಲೆಯಲ್ಲಿದ್ದ ನೀರು ಕೊಡವಿದಾಗ ಕ್ಯಾಮೆರಾದವರೆಗೂ ಹೋಗುತ್ತದೆ. ಬಾಯಿಂದ ಊದುವುದೂ ಅದನ್ನೇ ಮಾಡುತ್ತದೆ. ಪಿನ್ನಿನೊಳಗೆ ಹತ್ತಿ ಕಡ್ಡಿ ತುರುಕಬೇಡಿ, ಎಳೆ ಅಲ್ಲೇ ಉಳಿದೀತು. ಹೇರ್ ಡ್ರೈಯರ್ ಬೇಡ. ಒಲೆಯ ಮೇಲಿನ ಅಟ್ಟದಲ್ಲಿ ಇಡುವುದಂತೂ ಬೇಡವೇ ಬೇಡ. 60 ಡಿಗ್ರಿ ದಾಟಿದ ಬಿಸಿ ಲಿಥಿಯಂ ಬ್ಯಾಟರಿಗೆ ಆಗದು, ಡಿಸ್‌ಪ್ಲೇಯ ಗಮ್ಮೂ ಮೆತ್ತಗಾಗುತ್ತದೆ, ಆವಿಯಾದ ನೀರು ಲೆನ್ಸಿನ ಒಳಬದಿಗೆ ಹೋಗಿ ಕೂರುತ್ತದೆ. ಫ್ಯಾನಿನ ಗಾಳಿ ಸಾಕು. ಹಾಗೆಂದು ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಮೂರು ದಿನ ಫ್ಯಾನಿನಡಿ ಇಟ್ಟು ಒಣಗಿತೆಂದು ನಂಬುವುದೂ ತಪ್ಪು. ಹೊರಗಿನ ಗಾಳಿಯೇ ಒದ್ದೆಯಾಗಿರುವಾಗ ಶೀಲ್ಡಿನಡಿಯ ನೀರು ಎಲ್ಲಿಗೆ ಹೋದೀತು? ಹೋದರೂ ಹೋಗುವುದು ನೀರು ಮಾತ್ರ, ಅದರಲ್ಲಿದ್ದ ಲವಣ ಅಲ್ಲೇ ಉಳಿದು, ಮುಂದಿನ ಮಳೆಯ ತೇವ ಸಿಕ್ಕಿದಾಗ ಕೆಲಸ ಮುಂದುವರಿಸುತ್ತದೆ. ಒಣಗಿದ ಮೇಲೆ ಚೆನ್ನಾಗಿ ನಡೆಯುತ್ತಿದ್ದ ಫೋನು ತಿಂಗಳು ಕಳೆದು ನಿಲ್ಲುವುದು ಹೀಗೆ.

‘ನನ್ನ ಫೋನು ವಾಟರ್‌ಪ್ರೂಫ್’ ಎನ್ನುವವರಿಗೂ ಒಂದು ಮಾತು. ಫೋನು ಎಷ್ಟು ನೀರು ತಡೆಯುತ್ತದೆಂದು ಹೇಳುವ ಅಂಕೆ ಐಪಿ. ಐಪಿ 67 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ. ಐಪಿ 68ರಲ್ಲಿ ಅದಕ್ಕಿಂತ ಹೆಚ್ಚು, ಎಷ್ಟೆಂಬುದನ್ನು ಕಂಪನಿ ಹೇಳಿರುತ್ತದೆ. ಈ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ. ತಡೆಯುವುದು ಅಂಚಿನ ಸುತ್ತ ಇರುವ ತೆಳುವಾದ ಅಂಟುಪಟ್ಟಿ. ಒಂದು ಸಲ ಡಿಸ್‌ಪ್ಲೇ ಬದಲಾಯಿಸಿ ಆ ಪಟ್ಟಿಯನ್ನು ಹೊಸದಾಗಿ ಹಾಕದಿದ್ದರೆ, ಅಥವಾ ಮೂಲೆಯ ಗಾಜು ಬಿರುಕುಬಿಟ್ಟಿದ್ದರೆ, ಆ ಅಂಕೆಗೆ ಅರ್ಥವಿಲ್ಲ. ಐಪಿ ಅಂಕೆಯ ಫೋನು ಬಿರುಕಿಲ್ಲದೆ, ಬಿಚ್ಚಿರದೆ ಗಟ್ಟಿಯಾಗಿದ್ದು ಸಮುದ್ರದ ನೀರು ತಾಗಿದ್ದರೆ ಮಾತ್ರ ಆಫ್ ಮಾಡಿ, ಟ್ರೇ ಮುಚ್ಚಿಟ್ಟು, ನಲ್ಲಿಯ ಸಣ್ಣ ನೀರಿನಲ್ಲಿ ಹೊರಮೈಯನ್ನು ತೊಳೆಯಬಹುದು. ಐಪಿ ಅಂಕೆಯಿಲ್ಲದ ಫೋನಿಗೆ ಈ ಉಪಾಯ ಮಾಡಬಾರದು.

ಇನ್ನು ಅಂಗಡಿಯಲ್ಲಿ ನಡೆಯಬೇಕಾದದ್ದು. ಇದನ್ನು ತುಸು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ‘ವಾಟರ್ ಸರ್ವಿಸ್’ ಎಂದು ಬಿಲ್ಲು ಬರೆದು, ಹಿಂದಿನ ಮುಚ್ಚಳ ತೆಗೆದು ಬ್ಲೋವರಿನ ಬಿಸಿಗಾಳಿ ಹೊಡೆದು ಕೊಡುವ ಪದ್ಧತಿ ನಮ್ಮ ಕಸುಬಿನಲ್ಲೇ ಇದೆ. ಅದು ಸರ್ವಿಸ್ ಅಲ್ಲ. ಗ್ರಾಹಕರಿಗೆ ಕ್ರಮ ಗೊತ್ತಿದ್ದರೆ ಕೇಳಬಹುದು.

ಗಾಜಿನ ಹಿಂಬದಿಯನ್ನು ಸುಮಾರು 80 ಡಿಗ್ರಿ ಬಿಸಿ ಮಾಡಿ ಗಮ್ ಬಿಡಿಸಿದ ಕೂಡಲೇ ಮಾಡುವ ಮೊದಲ ಕೆಲಸ, ಪ್ಲಾಸ್ಟಿಕ್ ಮೊನೆಯಿಂದ ಬ್ಯಾಟರಿ ಕನೆಕ್ಟರ್ ಎಬ್ಬಿಸುವುದು. ಉಳಿದದ್ದೆಲ್ಲ ಆಮೇಲೆ. ಡಿಸ್‌ಪ್ಲೇ, ಕ್ಯಾಮೆರಾ, ಸ್ಪೀಕರ್, ಫಿಂಗರ್‌ಪ್ರಿಂಟ್ ಸ್ಟ್ರಿಪ್ (ತೆಳು ಪಟ್ಟಿಯಂಥ ಕೇಬಲ್) ಒಂದೊಂದಾಗಿ ಬಿಡಿಸಿ ಬೋರ್ಡನ್ನು ಹೊರತೆಗೆಯಬೇಕು. ತಿರುಪುಗಳ ಉದ್ದ ಒಂದೇ ಸಮನಿರುವುದಿಲ್ಲ, ಉದ್ದದ ತಿರುಪನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಬೋರ್ಡಿನ ಒಳಪದರ ತೂತಾಗುತ್ತದೆ, ಆದ್ದರಿಂದ ತೆಗೆದ ಜಾಗದ ಗುರುತಿನಲ್ಲೇ ಇಡಬೇಕು. ಬೋರ್ಡನ್ನು ಮೈಕ್ರೋಸ್ಕೋಪಿನಡಿ ಎರಡೂ ಮಗ್ಗುಲು ನೋಡಬೇಕು. ಒತ್ತಿ ಕೂರಿಸಿದ ಶೀಲ್ಡುಗಳು ಕೈಯಲ್ಲೇ ಬರುತ್ತವೆ, ಬೆಸುಗೆ ಹಾಕಿದವಕ್ಕೆ ಹಾಟ್ ಏರ್ ಬೇಕು. ಶೀಲ್ಡ್ ತೆಗೆಯದೆ ‘ಒಳಗೆ ಏನೂ ಆಗಿಲ್ಲ’ ಎಂದವರ ಮಾತನ್ನು ನಂಬಬೇಡಿ.

ತೊಳೆಯುವುದರಲ್ಲಿ ಆಗುವ ದೊಡ್ಡ ತಪ್ಪು ಎಲ್ಲದಕ್ಕೂ ನೇರ ಐಪಿಎ ಹಾಕುವುದು. ಐಪಿಎ ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲ್. ಅದು ನೀರಿನೊಂದಿಗೆ ಬೆರೆತು ನೀರನ್ನು ಹೊರಡಿಸುತ್ತದೆ, ಬೇಗ ಆರುತ್ತದೆ. ಆದರೆ ಉಪ್ಪು ಅದರಲ್ಲಿ ಕರಗುವುದೇ ಇಲ್ಲ ಅನ್ನಬೇಕು. ಸಮುದ್ರದ ನೀರು, ಸಕ್ಕರೆ, ಮದ್ದು, ಸಾಬೂನು ಯಾವುದಿದ್ದರೂ ಬರಿ ಬೋರ್ಡನ್ನು ಮೊದಲು ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ, ಒಂದೊಂದು ಸಲಕ್ಕೆ 100-200 ಮಿಲಿಯಷ್ಟು ಹೊಸ ನೀರು ತೆಗೆದುಕೊಂಡು, ಮೆತ್ತನೆಯ ಬ್ರಷ್ಷಿನಿಂದ ತೊಳೆಯಬೇಕು. ಆಮೇಲೆ ಶೇಕಡ 99ರ ಐಪಿಎ. ಮೆಡಿಕಲ್ ಅಂಗಡಿಯ ಶೇಕಡ 70ರದ್ದು ನಡೆಯದು, ಉಳಿದದ್ದು ನೀರು. ಸ್ಯಾನಿಟೈಸರಿನಲ್ಲಿ ಗ್ಲಿಸರಿನ್ ಇರುತ್ತದೆ, ಪೆಟ್ರೋಲು-ತಿನ್ನರ್ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಡಿಸ್ಟಿಲ್ಡ್ ನೀರು ವಾಹನದ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಅದೇ ಕಪಾಟಿನಲ್ಲಿ ಆ್ಯಸಿಡ್ ಕ್ಯಾನೂ ಇರುತ್ತದೆ, ಲೇಬಲ್ ಓದಿ ತನ್ನಿ. ಐಪಿಎ ಬೆಂಕಿ ಹಿಡಿಯುವ ದ್ರವ. ಬಿಸಿ ಸೋಲ್ಡರಿಂಗ್ ಐರನ್ ಪಕ್ಕದಲ್ಲಿಟ್ಟುಕೊಂಡು ಬಾಟಲಿ ತೆರೆದಿಡುವವರಿಗೆ ಇದನ್ನು ಮತ್ತೊಮ್ಮೆ ಹೇಳಬೇಕಾಗಿದೆ.

ಅಲ್ಟ್ರಾಸಾನಿಕ್ ಕ್ಲೀನರ್ ಇದ್ದರೆ ಬೋರ್ಡನ್ನು 3ರಿಂದ 5 ನಿಮಿಷ ಹಾಕಬಹುದು, ಚಿಪ್ಪಿನ ಅಡಿಗೆ ಬ್ರಷ್ ತಲುಪದಲ್ಲಿ ಅದು ತಲುಪುತ್ತದೆ. ಕ್ಯಾಮೆರಾ, ಡಿಸ್‌ಪ್ಲೇ, ಬ್ಯಾಟರಿ ಅದರೊಳಗೆ ಹೋಗಬಾರದು. ಬೋರ್ಡಿಗೇ ಅಂಟಿದ ಮೈಕುಗಳಿಗೂ ಅದರ ಕಂಪನ ಆಗದು, ಆದ್ದರಿಂದ ಹೊತ್ತು ಹೆಚ್ಚಾಗಬಾರದು. ತೊಳೆದ ಮೇಲೆ ಸುಮಾರು 60 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಬೇಕು. ಮೇಲ್ಮೈ ಅರ್ಧ ನಿಮಿಷದಲ್ಲಿ ಆರುತ್ತದೆ, ಚಿಪ್ಪಿನ ಅಡಿಯದ್ದು ಆರುವುದಿಲ್ಲ.

ಆಮೇಲೂ ನೇರವಾಗಿ ಬ್ಯಾಟರಿ ಜೋಡಿಸುವುದಲ್ಲ. ಡಿಸಿ ಪವರ್ ಸಪ್ಲೈಯಲ್ಲಿ 4 ವೋಲ್ಟ್ ಇಟ್ಟು, ಕರೆಂಟಿಗೆ 1-2 ಆಂಪಿಯರಿನ ಮಿತಿ ಹಾಕಿ ಬೋರ್ಡಿಗೆ ಕೊಡಬೇಕು. ಪವರ್ ಬಟನ್ ಒತ್ತುವ ಮೊದಲು ಮೀಟರಿನ ಮುಳ್ಳು ಸೊನ್ನೆಯಲ್ಲೇ ಇರಬೇಕು. ಒತ್ತದೆಯೇ ನೂರಿನ್ನೂರು ಮಿಲಿ ಆಂಪಿಯರ್ ತೋರಿಸಿದರೆ ಎಲ್ಲೋ ಕರೆಂಟಿನ ಲೀಕೇಜ್ ಇದೆ. ರಾತ್ರಿ ಇಟ್ಟ ಚಾರ್ಜು ಬೆಳಿಗ್ಗೆ ಖಾಲಿಯಾಗುವುದು, ಕಿಸೆಯಲ್ಲಿ ಫೋನು ಬೆಚ್ಚಗಾಗುವುದು ಇದರಿಂದಲೇ. ಕೊಟ್ಟ ಕೂಡಲೇ ಮಿತಿಗೆ ಹೋಗಿ ನಿಂತರೆ ಮುಖ್ಯ ಲೈನಿನಲ್ಲಿ ಶಾರ್ಟ್. ಆಗ ವೋಲ್ಟೇಜನ್ನು 1ಕ್ಕೆ ಇಳಿಸಿ, ಬೋರ್ಡಿನ ಮೇಲೆ ಐಪಿಎ ಸವರಿ ನೋಡುತ್ತಿದ್ದರೆ ಶಾರ್ಟ್ ಆದ ಬಿಡಿಭಾಗದ ಮೇಲಿನ ಐಪಿಎ ಎಲ್ಲಕ್ಕಿಂತ ಮೊದಲು ಆರುತ್ತದೆ. ಹಲವು ಸಲ ಅದು ಎಳ್ಳಿಗಿಂತ ಚಿಕ್ಕದಾದ ಒಂದು ಕೆಪಾಸಿಟರ್. ಆ ಲೈನಿನಲ್ಲಿ ಅದರಂಥವು ಸಾಲಾಗಿ ಇರುವುದರಿಂದ ಅದೊಂದನ್ನು ತೆಗೆದರೂ ಫೋನು ನಡೆಯುತ್ತದೆ. ಇಷ್ಟಕ್ಕೇ ‘ಬೋರ್ಡು ಹೋಗಿದೆ’ ಎಂದು ಹೊಸ ಬೋರ್ಡಿನ ದರ ಹೇಳುವುದು ನ್ಯಾಯವಲ್ಲ.

ಲಕ್ಷಣ ನೋಡಿ ಜಾಗ ಊಹಿಸಲು ಬರುತ್ತದೆ. ಕರೆ ಬಂದಾಗ ಸದ್ದಾಗುತ್ತದೆ, ತೆರೆ ಮಾತ್ರ ಕಪ್ಪು ಎಂದಾದರೆ ಎಲ್‌ಸಿಡಿ ಫೋನಿನ ಗಾಜಿಗೆ ಓರೆಯಾಗಿ ಟಾರ್ಚ್ ಹಿಡಿದು ನೋಡಿ, ಮಸುಕಾಗಿ ಅಕ್ಷರ ಕಂಡರೆ ಹೋಗಿರುವುದು ಹಿಂಬೆಳಕಿನ ಸರ್ಕ್ಯೂಟು ಮಾತ್ರ. ಬೋರ್ಡಿನ ಉಳಿದ ಭಾಗಕ್ಕಿಂತ ಅಲ್ಲಿ ವೋಲ್ಟೇಜ್ ಹೆಚ್ಚು, ಹಾಗಾಗಿ ತುಕ್ಕೂ ಬೇಗ. ನಮ್ಮ ಮಾತು ಆಚೆಯವರಿಗೆ ಕೇಳದಿದ್ದರೆ ಮೈಕು, ಅದು ಹೆಚ್ಚಿನ ಫೋನುಗಳಲ್ಲಿ ಚಾರ್ಜಿಂಗ್ ಸಬ್ ಬೋರ್ಡಿನಲ್ಲೇ ಇರುತ್ತದೆ, ಬದಲಾಯಿಸುವುದು ಸಣ್ಣ ಕೆಲಸ. ಐಫೋನ್ ಮೂರು ಮೂರು ನಿಮಿಷಕ್ಕೆ ರೀಸ್ಟಾರ್ಟ್ ಆಗುತ್ತಿದ್ದರೆ ಸಾಮಾನ್ಯವಾಗಿ ಚಾರ್ಜಿಂಗ್ ಸ್ಟ್ರಿಪ್ಪಿನಲ್ಲೋ ಬೇರೊಂದು ಸ್ಟ್ರಿಪ್ಪಿನಲ್ಲೋ ಇರುವ ಸೆನ್ಸರ್ ಉತ್ತರ ಕೊಡುತ್ತಿಲ್ಲವೆಂದು ಅರ್ಥ. ಉಪ್ಪುನೀರು ಹೋದ ಫೋನಿನ ಬ್ಯಾಟರಿಯನ್ನು ಮಾತ್ರ ನೋಡಲು ಚೆನ್ನಾಗಿದ್ದರೂ ಉಳಿಸಿಕೊಳ್ಳಬಾರದು. ಅದರ ತಲೆಯ ಪಟ್ಟಿಯಡಿ ಇರುವ ಸಣ್ಣ ರಕ್ಷಣಾ ಬೋರ್ಡು ತುಕ್ಕು ಹಿಡಿದರೆ ಹೆಚ್ಚು ಚಾರ್ಜನ್ನು ತಡೆಯುವವರು ಯಾರೂ ಇರುವುದಿಲ್ಲ. ಉಬ್ಬಿದ್ದನ್ನು ಚುಚ್ಚಬೇಡಿ, ಬೆಂಕಿಗೂ ಬಾವಿಕಟ್ಟೆಯ ಹಿಂದಿನ ಕಸದ ಗುಂಡಿಗೂ ಹಾಕಬೇಡಿ, ಅಂಗಡಿಗೇ ಕೊಡಿ.

ಫೋನು ಹೋದರೆ ಹೋಗಲಿ, ಫೋಟೋ ಬೇಕು ಎನ್ನುವವರೇ ಹೆಚ್ಚು. ಈಗಿನ ಫೋನುಗಳಲ್ಲಿ ಒಳಗಿನ ಮಾಹಿತಿ ಗೂಢಲಿಪಿಯಲ್ಲಿರುತ್ತದೆ, ಅದರ ಬೀಗದ ಕೈ ಅದೇ ಬೋರ್ಡಿನ ಪ್ರೊಸೆಸರಿನಲ್ಲಿ. ಮೆಮೊರಿ ಚಿಪ್ಪನ್ನಷ್ಟೇ ಕಿತ್ತು ಬೇರೆ ಫೋನಿಗೆ ಹಾಕಿದರೆ ಏನೂ ಸಿಗದು. ಆ ಬೋರ್ಡು ಹತ್ತು ನಿಮಿಷವಾದರೂ ಜೀವ ಹಿಡಿದು ನಿಮ್ಮ ಪಾಸ್‌ವರ್ಡ್ ತೆಗೆದುಕೊಳ್ಳಬೇಕು. ಕಂಪನಿಯ ಸರ್ವಿಸ್ ಸೆಂಟರುಗಳಲ್ಲಿ ಬೋರ್ಡನ್ನೇ ಬದಲಾಯಿಸುವುದು ರೂಢಿ, ಬದಲಾದರೆ ಮಾಹಿತಿಯೂ ಹಳೆಯ ಬೋರ್ಡಿನ ಜೊತೆ ಹೋಯಿತು. ಫೋಟೋ ಮುಖ್ಯವೋ ಫೋನು ಮುಖ್ಯವೋ ಎಂಬುದನ್ನು ಕೊಡುವಾಗಲೇ ಹೇಳಿ, ಎರಡಕ್ಕೂ ದಾರಿ ಬೇರೆ. ಬಿಡಿಭಾಗ, ವಾರಂಟಿ, ರಿಪೇರಿಯ ವಿವರಗಳು ಗ್ರಾಹಕರಿಗೆ ಸಿಗಲೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆದಿದೆ, ಮಂಗಳೂರಿಗೆ ಓಡುವ ಮೊದಲು ಅದನ್ನೊಮ್ಮೆ ನೋಡಬಹುದು.

ಗಲ್ಫಿನಿಂದ ಬಂದವರ ಕೈಯಿಂದ, ಪೇಟೆಯ ಅಂಗಡಿಯಿಂದ ಸೆಕೆಂಡ್ ಹ್ಯಾಂಡ್ ಫೋನು ಕೊಳ್ಳುವವರು ನಮ್ಮಲ್ಲಿ ಧಾರಾಳ ಇದ್ದಾರೆ. ಅವರು ಸಿಮ್ ಟ್ರೇ ಹೊರಗೆಳೆದು ಆ ಕಂಡಿಯೊಳಗೆ ಟಾರ್ಚ್ ಬಿಟ್ಟು ನೋಡಲಿ. ಐಫೋನುಗಳಲ್ಲೂ ಬೇರೆ ಕೆಲವು ಫೋನುಗಳಲ್ಲೂ ನೀರು ತಾಗಿದರೆ ಕೆಂಪಾಗುವ ಬಿಳಿ ಸ್ಟಿಕ್ಕರ್ ಅಲ್ಲಿರುತ್ತದೆ. ಕೆಂಪಿದ್ದರೆ ನೀರು ಹೋಗಿದೆ, ಅನುಮಾನವಿಲ್ಲ. ಬಿಳಿಯಿದ್ದರೆ ಆ ಜಾಗಕ್ಕೆ ಹೋಗಿಲ್ಲ ಎಂದಷ್ಟೇ ಅರ್ಥ. ಹೊಸ ಸ್ಟಿಕ್ಕರ್ ಅಂಟಿಸುವವರೂ ಇದ್ದಾರೆ. ಆದ್ದರಿಂದ ಚಾರ್ಜಿಂಗ್ ಪಿನ್ನಿನೊಳಗೂ ಟ್ರೇಯ ಲೋಹದ ಅಂಚಿನಲ್ಲೂ ಹಸಿರು ಕಲೆ ಹುಡುಕಿ, ಕರೆ ಮಾಡಿ ಮೈಕು ಪರೀಕ್ಷಿಸಿ, ಮುಂದಿನ ಹಿಂದಿನ ಕ್ಯಾಮೆರಾ ಎರಡನ್ನೂ ಬಿಳಿ ಗೋಡೆಗೆ ಹಿಡಿದು ಮಬ್ಬಿದೆಯೇ ನೋಡಿ, ಹತ್ತು ನಿಮಿಷ ಚಾರ್ಜಿಗೆ ಹಾಕಿ ಬೆನ್ನು ಮುಟ್ಟಿ ನೋಡಿದ ಮೇಲೆ ಹಣ ಕೊಡಿ.

ಇತಿ,
ಮೊಬೈಲ್ ರಿಪೇರಿ ಕೆಲಸದ ಕೆಲವರು,
ಬದಿಯಡ್ಕ, ಕಾಸರಗೋಡು ಜಿಲ್ಲೆ